ಕಾಟಾದ ಮೇಲೆ ನಿಂತ ಮನೆ

ನೋಡಿ, ಮೆಣಸಿನಕಾಯಿ ಪೇಟೆ ಇದ್ದ ಒಂದು ಊರು. ಆ ಊರಿಗೊಬ್ಬ ಸಾಹುಕಾರ. ಅವನ ಹೆಸರು ಬೇಡ. ಹೆಸರು ಹೇಳಿದರೆ, ಅವನು ಬೇರೆ ಯಾರೋ ಅಂದುಕೊಂಡು ನೀವು ಗೋಡೆಗೆ ಒರಗಿ ಆರಾಮಾಗಿ ಕೇಳುತ್ತೀರಿ. ಅದಕ್ಕೇ ಬೇಡ.

ಈ ಸಾಹುಕಾರನಿಗೆ ಐದು ಲಾರಿಗಳಿದ್ದವು. ಮೆಣಸಿನಕಾಯಿ ಹೇರಿಕೊಂಡು ಹೋಗುತ್ತಿದ್ದವು, ಬರುವಾಗ ಬೆಲ್ಲವೋ ಸಿಮೆಂಟೋ ಏನಾದರೊಂದು ಹೇರಿಕೊಂಡೇ ಬರುತ್ತಿದ್ದವು. ಗಾಡಿ ಖಾಲಿ ಓಡಬಾರದು. ಅದು ಅವನ ನಿಯಮ. ಡ್ರೈವರ್ ಬಂದು ಎದುರು ನಿಂತರೆ, ಉಂಡೆಯಾ ಎಂದು ಕೇಳುವುದಕ್ಕಿಂತ ಮುಂಚೆ ‘ಬರೂ ಮುಂದ ಏನ್ ತಂದಿ?’ ಎಂದು ಕೇಳುತ್ತಿದ್ದ. ನಿಯಮ ತಪ್ಪೇ? ತಪ್ಪಲ್ಲ. ಆ ನಿಯಮದಿಂದಲೇ ಅವನು ಸಾಹುಕಾರನಾಗಿದ್ದ. ಆದರೆ ಪೇಟೆಯಲ್ಲಿ ಸರಿಯಾಗಿದ್ದ ಮಾತನ್ನು ಅವನು ಮನೆಗೂ ತಂದ, ಊಟದ ತಟ್ಟೆಯ ಹತ್ತಿರಕ್ಕೂ ತಂದ. ನಾವೆಲ್ಲ ತರುವುದಿಲ್ಲವೇ, ಹಾಗೆ.

ಅರವತ್ತು ತುಂಬಿದಾಗ ಅವನಿಗೆ ಕಾಶಿ ನೋಡಬೇಕು ಅನ್ನಿಸಿತು. ರೈಲು ಬೇಡವೆಂದ, ಜನರ ಗದ್ದಲ. ಲಾಡ್ಜು ಬೇಡವೆಂದ, ಯಾರೋ ಹೊದ್ದ ಹೊದಿಕೆ. ಒಂದು ಹಳೆಯ ಬಸ್ಸು ಕೊಂಡ. ಗ್ಯಾರೇಜಿಗೆ ಬಿಟ್ಟು ಮೂರು ತಿಂಗಳು ಕೆಲಸ ಮಾಡಿಸಿದ. ಸೀಟು ಕಿತ್ತು ಮಂಚ ಹಾಕಿಸಿದ, ಅಡುಗೆ ಕಟ್ಟೆ ಮಾಡಿಸಿದ, ಹಿಂದೆ ಬಚ್ಚಲು, ಮುಂದೆ ದೇವರ ಗೂಡು, ನೆತ್ತಿಯ ಮೇಲೆ ಏಸಿ. ಇಂಥದ್ದಕ್ಕೆ ಪೇಟೆಯ ಹುಡುಗರು ಕ್ಯಾರವಾನ್ ಅನ್ನುತ್ತಾರೆ. ಊರಿನವರು ಮನೆ-ಬಸ್ಸು ಅಂದರು.

ಅವನಿಗೊಬ್ಬ ಹೆಂಡತಿ ಇದ್ದಳು. ನನ್ನ ಕಥೆ ಅವಳದು. ಆಕೆ ಹೆಚ್ಚು ಮಾತಿನವಳಲ್ಲ, ನೋಡುವವಳು. ಗಂಡನ ಚಪ್ಪಲಿಯ ಸದ್ದು ಕೇಳಿ ಅವತ್ತು ಪೇಟೆಯಲ್ಲಿ ದರ ಏರಿದೆಯೋ ಇಳಿದಿದೆಯೋ ಹೇಳಬಲ್ಲವಳು. ಬಸ್ಸಿಗೆ ಯಾವ ಬಣ್ಣ ಹೊಡೆಸಲಿ ಎಂದು ಗಂಡ ಪೇಟೆಯ ಹತ್ತು ಮಂದಿಯನ್ನು ಕೇಳಿದ, ಇವಳನ್ನು ಕೇಳಲಿಲ್ಲ. ಅವಳಿಗೆ ಬೇಸರವಾಗಲಿಲ್ಲ. ಬಣ್ಣ ಅವಳಿಗೆ ಬೇಕಾಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ. ಅಕ್ಕ.

ತಾಯಿ ಸತ್ತಾಗ ಇವಳಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿಮೂರು. ಅವತ್ತಿನಿಂದ ತಲೆ ಬಾಚಿದವಳು, ರೊಟ್ಟಿ ತಟ್ಟಲು ಕಲಿಸಿದವಳು, ಮದುವೆಯಲ್ಲಿ ತಾಯಿಯ ಜಾಗದಲ್ಲಿ ನಿಂತು ಅತ್ತವಳು ಆ ಅಕ್ಕ. ಅಕ್ಕ ಇದ್ದದ್ದು ಬಡಗಣ ಸೀಮೆಯ ಒಂದು ಹಳ್ಳಿಯಲ್ಲಿ. ಹನ್ನೊಂದು ವರ್ಷವಾಗಿತ್ತು ಇಬ್ಬರೂ ಮುಖ ನೋಡಿ. ಏನು, ಜಗಳವಾಗಿತ್ತೇ? ಇಲ್ಲ. ದ್ವೇಷವೇ? ಇಲ್ಲ. ‘ಸುಗ್ಗಿ ಮುಗೀಲಿ, ಹೋಗೂಣಂತ.’ ಸುಗ್ಗಿ ಮುಗಿದರೆ ‘ಪೇಟೆ ತಣ್ಣಗಾಗಲಿ, ಹೋಗೂಣಂತ.’ ಹೀಗೆಯೇ ಹನ್ನೊಂದು ವರ್ಷ. ಜಗಳವಿದ್ದರೆ ಯಾರಾದರೂ ಬಂದು ರಾಜಿ ಮಾಡಿಸಿಯಾರು. ಇದಕ್ಕೆ ಯಾರು ರಾಜಿ ಮಾಡಿಸಬೇಕು, ಹೇಳಿ?

ಆ ವರ್ಷ ಅಕ್ಕ ಫೋನು ಮಾಡಿದಳು.

“ಗುರವ್ವ, ಕಣ್ಣಿನ ಡಾಕ್ಟರು ಹೇಳ್ಯಾರವಾ, ಹೋದ ಬೆಳಕು ಹೊಳ್ಳಿ ಬರಂಗಿಲ್ಲಂತ. ಇದ್ದದ್ದು ಇನ್ನಷ್ಟು ದಿನ ಇರ್ಲಿ ಅಂತ ಹನಿ ಔಷಧ ಕೊಟ್ಟಾರ. ಸುತ್ತೂ ಕಡೆ ಕತ್ತಲಾಗಿ ನಡುವ ಅಷ್ಟ ಕಾಣ್ತೈತಿ. ಹೋದ ವರ್ಷ ರೊಟ್ಟಿಯಷ್ಟು ಕಾಣ್ತಿತ್ತು. ಈಗ ರೂಪಾಯಿಯಷ್ಟು ಆಗೈತಿ. ಅದು ಮುಚ್ಚೂದ್ರಾಗ ನಿನ್ನ ಮಾರಿ ಒಮ್ಮೆ ನೋಡಬೇಕು.”

ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತ ಗುರವ್ವ ಗಂಡನಿಗೆ ಹೇಳಿದಳು. ಮದುವೆಯಾದ ಮೇಲೆ ಬಾಯಿಬಿಟ್ಟು ಕೇಳಿದ ಮೂರನೆಯದೋ ನಾಲ್ಕನೆಯದೋ ಮಾತು ಅದು. ಗಂಡ ಕಲ್ಲಲ್ಲ. “ಆತು, ಕಾಶಿಗೆ ಹೋಗೂ ಮುಂದ ಅಕ್ಕನ ಊರು ಮಾಡ್ಕೊಂಡ ಹೋಗೂಣು” ಎಂದ. ಬಸ್ಸಿನೊಳಗೆ, ಅಡುಗೆ ಕಟ್ಟೆಯ ಎದುರಿಗೆ ದಾರಿಯ ನಕ್ಷೆಯೊಂದನ್ನು ಅಂಟಿಸಿದ್ದ. ಅದರಲ್ಲಿ ಹೆದ್ದಾರಿಯಿಂದ ಬಲಕ್ಕೆ ತಿರುಗಿ ತೊಂಬತ್ತು ಕಿಲೋಮೀಟರ್ ಒಳಗಿದ್ದ ಆ ಹಳ್ಳಿಯ ಸುತ್ತ ಕೆಂಪು ಪೆನ್ಸಿಲಿನಿಂದ ಒಂದು ಸೊನ್ನೆ ಸುತ್ತಿದ. ಅವಳು ಆ ಸೊನ್ನೆಯನ್ನು ದಿನಕ್ಕೆ ಎಷ್ಟು ಸಲ ನೋಡಿದಳೋ, ಅವಳಿಗೇ ಗೊತ್ತು.

ಇನ್ನು ಹೇರುವುದು ಶುರುವಾಯಿತು. ಸಾಹುಕಾರ ಬಸ್ಸಿನೊಳಗೆ ಬಂದು ನಿಂತು ಸುತ್ತ ನೋಡುತ್ತಿದ್ದ. “ಅಲ್ಲೇನು, ಮಂಚದ ಕೆಳಗ ಜಾಗ ಐತಲ್ಲ?” ಜೋಳದ ಚೀಲ ಬಂದವು. ಒಂದಲ್ಲ, ಎಂಟು. “ಆ ಮೂಲ್ಯಾಗ?” ಗ್ರೈಂಡರ್ ಬಂತು. ಕರೆಂಟು ಹೋದರೆ? ಜನರೇಟರ್ ಬಂತು. ಜನರೇಟರ್ ಕೆಟ್ಟರೆ? ಒರಳುಕಲ್ಲು ಬಂತು. ನೋಡಿ, ಗ್ರೈಂಡರ್ ಮೇಲೆ ನಂಬಿಕೆಯಿಲ್ಲದೆ ಜನರೇಟರ್, ಜನರೇಟರ್ ಮೇಲೆ ನಂಬಿಕೆಯಿಲ್ಲದೆ ಒರಳುಕಲ್ಲು! ಪರಸ್ಥಳದ ನೀರು ಒಗ್ಗುವುದಿಲ್ಲ ಎಂದು ಸಾವಿರ ಲೀಟರಿನ ಟಾಕಿ ತುಂಬ ಊರ ಬಾವಿಯ ನೀರು. ಸಾಗವಾನಿ ಕಟ್ಟಿಗೆಯ ಬೀರು. ಬಂದವರು ಕೂರಲು ಸೋಫಾ. ದಾರಿಯಲ್ಲಿ ಯಾರು ಬರುತ್ತಾರೆ ಎಂದು ಯಾರೂ ಕೇಳಲಿಲ್ಲ. ಒಳಗೆ ಜಾಗ ಮುಗಿದಾಗ ನೆತ್ತಿಯ ಮೇಲೆ ಕಟ್ಟಿಸಿದ, ಹಾಸಿಗೆ, ಕುರ್ಚಿ, ಮೆಣಸಿನಕಾಯಿ ಚೀಲ. ಅಲ್ಲಿ ಕಾಶಿಯಲ್ಲಿ ಯಾರಾದರೂ ಕೊಳ್ಳುತ್ತಾರೇನೋ, ಇರಲಿ ಎಂದ. ಖಾಲಿ ಯಾಕೆ ಹೋಗಬೇಕು?

ಡ್ರೈವರ್ ದಾವಲ ಹಗ್ಗ ಬಿಗಿಯುತ್ತ ಒಂದು ಮಾತು ಹೇಳಿದ. “ಸಾವ್ಕಾರ್ರ, ಗಾಡಿ ಕುಂತು ಬಿಟ್ಟೈತ್ರೀ. ಟಾಯರ್ ನೋಡ್ರಿ.”

“ಮೆಣಸಿನಕಾಯಿ ಲಾರಿ ಇದಕ್ಕಿಂತ ಕುಂತಿರ್ತೈತಿ. ಸುಮ್ನ ಹೊಡಿ.”

ಹೊರಟರು. ಆ ತಿಂಗಳೇ ಡೀಸೆಲ್ ದರ ಏರಿತು ನೋಡಿ. ಮೊದಲ ಪಂಪಿನಲ್ಲಿ ಟ್ಯಾಂಕು ತುಂಬಿಸಿ ಲೆಕ್ಕ ಹಾಕಿದರೆ ಲೀಟರಿಗೆ ಮೂರೂವರೆ ಕಿಲೋಮೀಟರ್.

“ಐದು ಕೊಡ್ತೈತಿ ಅಂದಿದ್ನಲ್ಲೋ ಆ ಗ್ಯಾರೇಜಿನಾಂವ!”

“ಅಂವ ಖಾಲಿ ಬಸ್ಸಿಂದು ಹೇಳ್ಯಾನ್ರೀ.”

“ಖಾಲಿ ಬಸ್ಸು ಯಾರರ ಓಡಸ್ತಾರೇನಲೇ, ಹುಚ್ಚ!”

ಅವತ್ತಿನಿಂದ ಸಾಹುಕಾರನಿಗೆ ಕಾಶಿ ಕಾಣಲಿಲ್ಲ, ಗುಡ್ಡ ಕಾಣಲಿಲ್ಲ, ಹೊಲ ಕಾಣಲಿಲ್ಲ. ಡೀಸೆಲ್ ಮುಳ್ಳು ಒಂದೇ ಕಂಡಿತು. ಉಳಿಸಬೇಕು, ಉಳಿಸಬೇಕು. ಎಲ್ಲಿ ಉಳಿಸುವುದು? ಇಳಿಜಾರು ಬಂದರೆ “ನ್ಯೂಟ್ರಲ್ ಮಾಡು, ತಾನ ಉರುಳತೈತಿ” ಎಂದ. “ಇಷ್ಟು ಭಾರಕ್ಕ ಬ್ರೇಕ್ ಹಿಡಿಯಂಗಿಲ್ರೀ, ಕಾಶಿ ಇಲ್ಲೇ ಆಗತೈತಿ” ಎಂದು ದಾವಲ ಕೈ ಮುಗಿದ. ಗಡಿ ದಾಟಿದರೆ ಲೀಟರಿಗೆ ಎರಡು ರೂಪಾಯಿ ಕಡಿಮೆಯಿದೆ ಎಂದು ಗೆಳೆಯನೊಬ್ಬ ಫೋನಿನಲ್ಲಿ ಹೇಳಿದ. ಬಸ್ಸು ಹೆದ್ದಾರಿ ಬಿಟ್ಟು ಮೂವತ್ತು ಕಿಲೋಮೀಟರ್ ಹೋಯಿತು. ಟ್ಯಾಂಕು ತುಂಬಿಸಿಕೊಂಡು ಮತ್ತೆ ಮೂವತ್ತು ಕಿಲೋಮೀಟರ್ ವಾಪಸು ಬಂತು. ಉಳಿದದ್ದೆಷ್ಟು, ಸುಟ್ಟದ್ದೆಷ್ಟು? ನೀವು ನಗುತ್ತೀರಿ. ಎರಡು ರೂಪಾಯಿ ಕಡಿಮೆಯ ಸೊಪ್ಪಿಗೆ ಊರಾಚೆಯ ಸಂತೆಗೆ ಸ್ಕೂಟರಿನಲ್ಲಿ ಹೋಗುವವರೂ ನಗುತ್ತಿದ್ದೀರಿ.

ಆಮೇಲೆ ದಾವಲನ ಚಹಾ ಒಂದು ಹೊತ್ತಿಗೆ ಇಳಿಯಿತು. ಬಸ್ಸು ನಿಲ್ಲಿಸಿ ಹೊರಡಿಸಿದರೆ ಡೀಸೆಲ್ ಹೆಚ್ಚು ಕುಡಿಯುತ್ತದೆ ಎಂಬ ಲೆಕ್ಕಕ್ಕೆ, ಗುರವ್ವ ದಾರಿಬದಿ ಇಳಿದು ಕೈಕಾಲು ಆಡಿಸುವುದೂ ನಿಂತಿತು. ಆದರೆ ಮಧ್ಯಾಹ್ನ ಸಾಹುಕಾರ ಉಂಡು ಮಲಗಿದಾಗ ಏಸಿ ಬೇಕು. ಏಸಿಗೆ ಎಂಜಿನ್ ಬೇಕು. ಬೇವಿನ ಮರದ ಕೆಳಗೆ ನಿಂತ ಬಸ್ಸು ಎರಡು ತಾಸು ಗುರುಗುಡುತ್ತ ಡೀಸೆಲ್ ಕುಡಿಯುತ್ತಲೇ ಇರುತ್ತಿತ್ತು. ಆಗ ಮುಳ್ಳು ನೋಡಲು ಅವನಿಗೆ ಎಚ್ಚರವಿರುತ್ತಿರಲಿಲ್ಲ. ಗುರವ್ವ ನೋಡುತ್ತಿದ್ದಳು. ಮುಳ್ಳು ಇಳಿದಷ್ಟೂ ಅವಳಿಗೆ ದಿಗಿಲು. ಯಾಕೆ ದಿಗಿಲು? ಉಳಿಸುವುದಕ್ಕೆ ಬೇರೇನೂ ಸಿಗದಿದ್ದಾಗ ಗಂಡನ ಕಣ್ಣು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಅದು ಅಲ್ಲಿಯೇ ಹೋಗಿ ನಿಂತಿತು. ಸಾಹುಕಾರ ನಕ್ಷೆಯ ಮುಂದೆ ಬಂದ. ಬೆರಳಿನಿಂದ ಅಳೆದ. ಪೆನ್ಸಿಲ್ ತೆಗೆದುಕೊಂಡು ಕೆಂಪು ಸೊನ್ನೆಯ ಮೇಲೆ ಅಡ್ಡಗೆರೆ ಎಳೆದ.

“ಇದೊಂದು ಸುತ್ತು ಬಿಟ್ರ ಹೋಗಿ ಬರೂದು ನೂರಾ ಎಂಬತ್ತು ಕಿಲೋಮೀಟರ್ ಉಳೀತೈತಿ. ಬರೂ ಮುಂದ ನೋಡೂಣಂತ. ನಿಮ್ಮಕ್ಕ ಎಲ್ಲಿ ಓಡಿ ಹೋಗ್ತಾಳ?”

“ಹೂಂನ್ರಿ” ಎಂದಳು ಗುರವ್ವ.

ಈ ‘ಹೂಂ’ ಯಾವುದು ಎಂದು ಇಲ್ಲಿ ಕುಳಿತ ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಪ್ಪಿಗೆಯ ಹೂಂ ಬೇರೆ. ಎದೆಯೊಳಗೆ ಏನೋ ಕುಸಿದಾಗ ಬಾಯಿಂದ ಬರುವ ಹೂಂ ಬೇರೆ. ಗಂಡಸರಿಗೆ ಎರಡೂ ಒಂದೇ ಥರ ಕೇಳುತ್ತವೆ. ಅವಳು ಒಲೆಯ ಕಡೆ ತಿರುಗಿದಳು. ಹಂಚಿನ ಮೇಲಿದ್ದ ರೊಟ್ಟಿಯ ಒಂದು ಮಗ್ಗುಲು ಕರಕಾಗಿ ಹೋಗಿತ್ತು. ಸಂಸಾರದ ಮೂವತ್ತಾರು ವರ್ಷದಲ್ಲಿ ಅವಳ ಕೈಯಲ್ಲಿ ರೊಟ್ಟಿ ಸುಟ್ಟದ್ದು ಅದೇ ಮೊದಲು. ಗಂಡ ಅದನ್ನು ಪಕ್ಕಕ್ಕೆ ಸರಿಸಿ ಬೇರೆಯದನ್ನು ತೆಗೆದುಕೊಂಡ.

ಇಷ್ಟು ಮಾಡಿದ ಮೇಲೆ ಡೀಸೆಲ್ ಉಳಿಯಿತೇ? ಮುಂದಿನ ಪಂಪಿನಲ್ಲಿ ನೋಡಿದರೆ ಮತ್ತೆ ಅದೇ ಮೂರೂವರೆ. ಆಗ ಸಾಹುಕಾರನಿಗೆ ಒಂದೇ ಒಂದು ಕಾರಣ ಹೊಳೆಯಿತು. ಇಷ್ಟೆಲ್ಲ ಕತ್ತರಿಸಿದರೂ ಖರ್ಚು ಇಳಿಯುವುದಿಲ್ಲ ಎಂದರೆ ಯಾರೋ ಕದಿಯುತ್ತಿದ್ದಾರೆ. ನಮಗೂ ಹಾಗೇ ಹೊಳೆಯುತ್ತದೆ. ನಾನೇ ಕಾರಣ ಎಂದು ಯಾರಿಗಾದರೂ ಮೊದಲು ಹೊಳೆದದ್ದುಂಟೇ?

“ದಾವಲ, ಖರೇ ಹೇಳು. ರಾತ್ರಿ ಡೀಸೆಲ್ ಎಲ್ಲಿ ಇಳಸ್ತಿ?”

ದಾವಲ ಬಸ್ಸನ್ನು ನಿಧಾನ ಮಾಡಿ ಬದಿಗೆ ತಂದು ನಿಲ್ಲಿಸಿದ. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

“ಇಪ್ಪತ್ತೆರಡು ವರ್ಷ ನಿಮ್ಮ ಗಾಡಿ ಹೊಡದೀನ್ರೀ ಸಾವ್ಕಾರ್ರ. ಬ್ಯಾರೆ ಯಾರರ ಈ ಮಾತು ಅಂದಿದ್ರ ಕೀಲಿ ಅವರ ಕೈಯಾಗ ಕೊಟ್ಟು ನಡದು ಬಿಡ್ತಿದ್ದೆ. ಅವ್ವಾರ ಒಳಗದಾರ, ಅದಕ್ಕ ಸುಮ್ನದೀನಿ. ಅದಾ ನೋಡ್ರಿ ಮುಂದ, ಹತ್ತಿ ಮಿಲ್ಲಿನ ಬಾಜೂಕ ಕಾಟಾ ಐತಿ. ಬಸ್ಸು ತೂಗಸ್ರಿ. ಆಮ್ಯಾಲ ನನ್ನ ಕಳ್ಳ ಅನ್ರಿ.”

ಲಾರಿ ತೂಗುವ ಕಾಟಾ ಗೊತ್ತಲ್ಲ ನಿಮಗೆ? ನೆಲದಲ್ಲಿ ಕಬ್ಬಿಣದ ದೊಡ್ಡ ಹಲಗೆ, ಅದರ ಮೇಲೆ ಗಾಡಿ ಹತ್ತಿಸಿ ನಿಲ್ಲಿಸಿದರೆ ಪಕ್ಕದ ಕೋಣೆಯಲ್ಲಿ ತೂಕ ಕಾಣುತ್ತದೆ. ಸಾಹುಕಾರನ ಆಯುಷ್ಯವೆಲ್ಲ ಇಂಥ ಕಾಟಾಗಳ ಪಕ್ಕದಲ್ಲೇ ಕಳೆದಿತ್ತು. ರೈತರ ಮಾಲು ತೂಗಿದ್ದ, ಎದುರಾಳಿ ವ್ಯಾಪಾರಿಯ ಮಾಲು ತೂಗಿದ್ದ, ಒಂದು ಕಿಲೋ ಹೆಚ್ಚುಕಡಿಮೆಯಾದರೆ ಇಳಿಸಿ ಮತ್ತೆ ತೂಗಿಸಿದ್ದ. ತನ್ನದನ್ನು ತೂಗಿರಲಿಲ್ಲ.

ಕಾಟಾದಿಂದ ಸ್ವಲ್ಪ ಮುಂದೆ ಒಂದು ಹಸಿರು ಫಲಕ. ಬಲಕ್ಕೆ ಬಾಣದ ಗುರುತು. ಅಕ್ಕನ ಊರಿನ ದಾರಿ. ಗುರವ್ವ ಕಿಟಕಿಯ ಸರಳು ಹಿಡಿದು ಆ ಫಲಕವನ್ನು ನೋಡುತ್ತ ಕೂತಿದ್ದಳು. ಬಸ್ಸು ಇನ್ನು ಕಾಲು ತಾಸಿನಲ್ಲಿ ಅದನ್ನು ದಾಟಿ ನೇರ ಹೋಗಿಬಿಡುತ್ತದೆ. ಅಷ್ಟೇ.

ಕಾಟಾದ ಕೋಣೆಯಲ್ಲಿ ಕನ್ನಡಕ ಹಾಕಿದ ಒಬ್ಬ ಮುದುಕ ಚೀಟಿ ಬರೆಯಲು ಕೂತಿದ್ದ. ತೂಕ ನೋಡಿ ಹೇಳಿದ, “ಹನ್ನೆರಡೂವರಿ ಟನ್.”

ದಾವಲ ಅಂಗಿಯ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದ. “ಗ್ಯಾರೇಜಿನಿಂದ ಹೊರಗ ಬಿದ್ದ ದಿವಸ ಇದ ಬಸ್ಸು ಮಂಚ, ಬಚ್ಚಲ ಎಲ್ಲಾ ಕೂಡಿ ಒಂಬತ್ತು ಟನ್ ಇತ್ರೀ. ಚೀಟಿ ಐತಿ.”

ಮುದುಕ ಲೇಖನಿ ಹಿಡಿದು ಕೇಳಿದ. “ಮೂರೂವರಿ ಟನ್ ಮಾಲು. ಏನ್ ಮಾಲು ಬರೀಲಿ?”

“ಮಾಲಲ್ಲ. ಮನಿ ಸಾಮಾನು.”

“ಓ, ಮನಿ ಖಾಲಿ ಮಾಡೀರಿ. ಯಾರದು? ಎಷ್ಟಕ್ಕ ಮಾತಾಡೀರಿ ಬಾಡಿಗಿ?”

“ಬಾಡಿಗಿ ಇಲ್ಲೋ ಮಾರಾಯ. ನನ್ನದ. ಕಾಶಿಗೆ ಹೊಂಟೀವಿ.”

ಮುದುಕ ಕನ್ನಡಕ ಮೇಲೆತ್ತಿ ಬಸ್ಸನ್ನು ನೋಡಿದ. ನೆತ್ತಿಯ ಮೇಲಿನ ಕುರ್ಚಿ ನೋಡಿದ, ಬಾಗಿಲಲ್ಲಿ ಕಾಣುವ ಒರಳುಕಲ್ಲು ನೋಡಿದ. “ಬಾಡಿಗಿ ಇಲ್ಲದ ಮಾಲು ಹೇರ್ಕೊಂಡು ಕಾಶೀತನಕ! ಹೊಳ್ಳಿ ಬರೂ ಮುಂದನೂ ಇದನ್ನ ತರ್ತೀರೇನ್ರಿ?” ಎಂದು ಕೇಳಿದ. ಅವನು ಹಾಸ್ಯ ಮಾಡಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ. ಅದಕ್ಕೇ ಅದು ಚುಚ್ಚಿತು. ಐದು ಲಾರಿಯ ಯಜಮಾನ, ಬಾಡಿಗೆಯಿಲ್ಲದ ಒಂದು ಚೀಲವನ್ನೂ ಲಾರಿಗೆ ಹತ್ತಿಸದವನು, ದಾವಲನ ಚೀಟಿ ತೆಗೆದುಕೊಂಡು ತೂಕ ಮತ್ತೊಮ್ಮೆ ಓದಿದ.

ಆಗ ಗುರವ್ವ ಬಸ್ಸಿನಿಂದ ಇಳಿದು ಬಂದಳು. ಸೆರಗು ಹೊದ್ದುಕೊಂಡು, ಗಂಡನಿಂದ ಎರಡು ಮಾರು ದೂರ ನಿಂತಳು. ಕೋಪವಿರಲಿಲ್ಲ. ಅಳುವಿರಲಿಲ್ಲ. ಪೇಟೆಯಲ್ಲಿ ದರ ಕೇಳುವ ಹಾಗೆ ಕೇಳಿದಳು.

“ಒಂದು ಮಾತು ಕೇಳ್ತೀನ್ರೀ. ಆ ಮೂರೂವರಿ ಟನ್ನಿನಾಗ ನಮ್ಮಕ್ಕಂದು ಎಷ್ಟು ಕೇಜಿ ಇತ್ರೀ? ಮೊದಲ ಆಕಿನ್ನ ಇಳಿಸಿದ್ರಿ.”

ಅಷ್ಟೇ. ಮುದುಕ ಕನ್ನಡಕ ಇಳಿಸಿದ. ದಾವಲ ಆಚೆ ತಿರುಗಿ ಟಾಯರ್ ನೋಡತೊಡಗಿದ. ಸಾಹುಕಾರನ ಮುಖ ಮೊದಲು ಕೆಂಪಾಯಿತು. ಹೆಂಡತಿ ಪರರ ಮುಂದೆ ಮಾತಾಡಿದಳಲ್ಲ ಎಂದು. ಆದರೆ ಲೆಕ್ಕ ಗೊತ್ತಿದ್ದವನಿಗೆ ಸರಿಯಾದ ಲೆಕ್ಕ ಎದುರಾದರೆ ಅವನು ಜಗಳ ತೆಗೆಯಲಾರ. ಒರಳುಕಲ್ಲು ಉಳಿಯಿತು, ಸೋಫಾ ಉಳಿಯಿತು, ಯಾರೂ ಕೇಳದ ಮೆಣಸಿನಕಾಯಿ ಉಳಿಯಿತು. ಇಳಿದವಳು ಯಾರು? ಒಂದು ಕಿಲೋ ಭಾರವೂ ಇಲ್ಲದ ಅಕ್ಕ.

ಅವನು ಸ್ವಲ್ಪ ಹೊತ್ತು ಹತ್ತಿ ಮಿಲ್ಲಿನ ಗೋಡೆಯ ಉದ್ದಕ್ಕೂ ಹೋಗಿ ಬಂದ. ಆಮೇಲೆ ಬಸ್ಸಿನ ಹಿಂದೆ ಹೋಗಿ ಬಗ್ಗಿ ಟಾಕಿಯ ನಲ್ಲಿ ತಿರುಗಿಸಿದ. ಊರ ಬಾವಿಯ ನೀರು ಹರಿಯಿತು. ಕಾಟಾದ ಹಲಗೆಯ ಮೇಲಿಂದ ಹರಿದು ಕೆಳಗಿನ ತಗ್ಗು ತುಂಬಿತು. ಎಲ್ಲಿದ್ದವೋ, ನಾಲ್ಕು ಎಮ್ಮೆ ಬಂದು ಬಾಯಿ ಇಟ್ಟವು. ಪರಸ್ಥಳದ ನೀರು ಎಂದು ಅವು ಮೂಗು ಮುರಿಯಲಿಲ್ಲ.

“ಅಜ್ಜಾ, ನಿನ್ನ ಗೋದಾಮಿನಾಗ ಜಾಗ ಐತೇನು?” ಎಂದು ಸಾಹುಕಾರ ಕೇಳಿದ. ಆಯುಷ್ಯದಲ್ಲಿ ಮೊದಲ ಸಲ, ಇಳಿಸಲು ಜಾಗ ಕೇಳಿದ. ಬೀರು ಇಳಿಯಿತು. ಜನರೇಟರ್, ಸೋಫಾ, ಚೀಲ, ಒರಳುಕಲ್ಲು ಎಲ್ಲ ಇಳಿದವು. ನೆತ್ತಿಯ ಮೇಲಿನ ಹಗ್ಗ ಬಿಚ್ಚುವಾಗ ಸಾಹುಕಾರನೂ ಒಂದು ತುದಿ ಹಿಡಿದ. ಗಂಟಿನ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದ, “ದಾವಲ, ನಾ ಅಂದದ್ದು ತಪ್ಪಾತು.”

“ಆ ತುದಿ ಬಿಡ್ರೀ, ಕೈ ಉಜ್ಜತೈತಿ” ಎಂದ ದಾವಲ. ಅವನಿಗೆ ಅಷ್ಟು ಸಾಕಾಗಿತ್ತು.

ಮತ್ತೆ ತೂಗಿಸಲಿಲ್ಲ. ದಾವಲ ಟಾಯರಿಗೆ ಗಾಳಿ ಹಾಕಿಸಿದ. ಹಸಿರು ಫಲಕದ ಹತ್ತಿರ ಬಸ್ಸು ಬಲಕ್ಕೆ ತಿರುಗಿತು. ಡೀಸೆಲ್ ದರ ಒಂದು ಪೈಸೆಯೂ ಇಳಿದಿರಲಿಲ್ಲ, ನೆನಪಿಡಿ. ಆದರೆ ಅದೇ ಬಸ್ಸು ಲೀಟರಿಗೆ ನಾಲ್ಕೂವರೆ ಓಡಿತು. ಮಧ್ಯಾಹ್ನ ಊಟಕ್ಕೆ ನಿಂತಾಗ ಎಂಜಿನ್ ಬಂದ್ ಮಾಡಿ, ಕಿಟಕಿ ತೆರೆದು, ಸಾಹುಕಾರ ಬೇವಿನ ಗಾಳಿಗೆ ಮಲಗಿದ. ನಿದ್ದೆ ಬಂತು. ಬರದೇ ಏನು?

ಸಂಜೆಗೆ ಅಕ್ಕನ ಮನೆ. ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಗುರವ್ವ ಹೋಗಿ ಕಾಲು ಹಿಡಿದರೆ ಅಕ್ಕ ಬಿಡಿಸಿಕೊಂಡಳು.

“ಕಾಲು ಆಮ್ಯಾಲ ಹಿಡಿಯಾಕಿ. ಮೊದಲ ಎದ್ದು ನಿಲ್ಲು, ಬೆಳಕಿಗೆ ನಿಲ್ಲು. ಅಲ್ಲಾಡಬ್ಯಾಡ.”

ಅವಳು ಕತ್ತು ಸ್ವಲ್ಪ ಓರೆ ಮಾಡಿ, ರೂಪಾಯಿಯಷ್ಟಗಲದ ಬೆಳಕಿನಲ್ಲಿ ತಂಗಿಯನ್ನು ತುಂಡು ತುಂಡಾಗಿ ನೋಡಿದಳು. ಹಣೆ ನೋಡಿದಳು. ಅಲ್ಲಿಂದ ಇಳಿದು ಮೂಗು ನೋಡಿದಳು. “ಮೂಗುಬಟ್ಟು ಬದಲ ಮಾಡೀದಿ. ಹಳೀದ ಛಲೋ ಇತ್ತು.” ಗಲ್ಲ ನೋಡಿದಳು. “ಇಷ್ಟ್ಯಾಕ ಸೊರಗೀದಿ, ಸಾವ್ಕಾರ್ರ ಮನ್ಯಾಗ ಹಿಟ್ಟಿಲ್ಲೇನು?” ಬೈತಲೆಯ ಹತ್ತಿರ ಬಂದಾಗ ಕೂದಲು ಸವರಿದಳು. “ನನ್ನ ಕೂಸಿನ ತಲಿ ಬೆಳ್ಳಗಾಗೇತಲ್ಲವಾ” ಎಂದಳು.

ಸಾಹುಕಾರ ಕಟ್ಟೆಯ ಕೆಳಗೆ ನಿಂತಿದ್ದ. ದಾವಲ ಹೇಳಿದ, “ಅಕ್ಕಾರ, ಸಾವ್ಕಾರ್ರೂ ಬಂದಾರ್ರೀ, ಇಲ್ಲೇ ನಿಂತಾರ.”

“ನಿಲ್ಲಲಿ. ಅವರ ಮಾರಿ ಮದಿವ್ಯಾಗ ನೋಡೀನಿ, ಸಾಕು. ಇದ್ದಷ್ಟು ಬೆಳಕು ಇವಳಿಗೇ ಬೇಕು.”

ಸಾಹುಕಾರನೂ ನಕ್ಕ. ಮೂರು ದಿನದಲ್ಲಿ ಮೊದಲ ಸಲ ನಕ್ಕ.

ನಾಲ್ಕು ದಿನ ಇದ್ದು ಹೊರಟರು. ಕಾಶಿ ಮುಗಿಸಿ, ಊರೂರು ಸುತ್ತಿ, ಆರು ವಾರ ಬಿಟ್ಟು ಅದೇ ದಾರಿಯಲ್ಲಿ ವಾಪಸು ಬಂದರು. ಯಾರೂ ಹೇಳದೆಯೇ ಬಸ್ಸು ಅಕ್ಕನ ಊರಿಗೆ ತಿರುಗಿತು. ಅಕ್ಕ ಅದೇ ಕಟ್ಟೆಯ ಮೇಲೆ ಕೂತಿದ್ದಳು. ಗುರವ್ವ ಬೆಳಕಿಗೆ ನಿಂತಳು, ಅಲ್ಲಾಡದೆ ನಿಂತಳು. ಅಕ್ಕ ಕತ್ತು ಓರೆ ಮಾಡಲಿಲ್ಲ. ಕೈ ಚಾಚಿ ಹುಡುಕಿದಳು. ಬೆಳಕು ಮುಚ್ಚಿತ್ತು.

ಗುರವ್ವ ಅತ್ತಳು. ಅಕ್ಕ ಅಳಲಿಲ್ಲ. “ಹುಚ್ಚಿ, ಯಾಕ ಅಳ್ತಿ? ನೋಡೀನಲ್ಲ. ಮೂಗುಬಟ್ಟು ಸೈತ ನೋಡೀನಿ” ಎಂದಳು.

ಸಾಹುಕಾರ ಬಸ್ಸಿನ ಮೆಟ್ಟಿಲ ಮೇಲೆ ಹೋಗಿ ಕೂತ. ‘ಬರೂ ಮುಂದ ನೋಡೂಣಂತ.’ ಯಾರು ಆಡಿದ್ದು ಆ ಮಾತು? ಅವನೇ. ಅವನ ಮಾತಿನಂತೆ ನಡೆದಿದ್ದರೆ ಇವತ್ತು ನೋಡುವುದಕ್ಕೆ ಏನಿರುತ್ತಿತ್ತು? ಎಷ್ಟು ಲೀಟರಿನ ಉಳಿತಾಯ ಅದನ್ನು ತಂದುಕೊಡುತ್ತಿತ್ತು?

ಕಥೆ ಅಲ್ಲಿಗೆ ಮುಗಿಯಿತು. ಈಗ ನಿಮ್ಮ ಹತ್ತಿರ ಬರುತ್ತೇನೆ.

ನಿಮ್ಮಲ್ಲಿ ಮನೆ-ಬಸ್ಸು ಇದ್ದವರು ಯಾರೂ ಇಲ್ಲ, ನನಗೆ ಗೊತ್ತು. ಹೊರಗೆ ನಿಂತಿರುವುದು ಎರಡು ಕಾರು, ನಲವತ್ತು ಬೈಕು, ಮಿಕ್ಕವರು ಬಸ್ಸಿಗೆ ಬಂದಿದ್ದೀರಿ. ಆದರೆ ಪ್ರತಿಯೊಬ್ಬರೂ ಒಂದು ಮನೆಯನ್ನು ಓಡಿಸುತ್ತಿದ್ದೀರಿ. ಪೆಟ್ರೋಲ್ ಏರಿದೆ, ಗ್ಯಾಸ್ ಏರಿದೆ, ಎಣ್ಣೆ ಏರಿದೆ. ಅದು ನಿಮ್ಮ ಕೈಯಲ್ಲಿಲ್ಲ, ನನ್ನ ಕೈಯಲ್ಲೂ ಇಲ್ಲ. ಅದು ಇಳಿಯಲಿ ಎಂದು ನಾನಿಲ್ಲಿ ಪ್ರಾರ್ಥನೆ ಮಾಡಿಸುವುದಿಲ್ಲ. ಕತ್ತರಿ ಮಾತ್ರ ನಿಮ್ಮ ಕೈಯಲ್ಲಿದೆ. ಖರ್ಚು ಏರಿದ ದಿನ ಆ ಕತ್ತರಿ ಮೊದಲು ಯಾರ ಪಾಲಿನ ಮೇಲೆ ಬಿತ್ತು?

ಹೇಳಲೇ? ಹಾಸ್ಟೆಲಿನಲ್ಲಿರುವ ಮಗಳಿಗೆ ‘ಈ ತಿಂಗಳು ಬರಬೇಡ, ಬಸ್ ಚಾರ್ಜು ಜಾಸ್ತಿಯಾಗಿದೆ’ ಎಂದಿರಿ. ಅದೇ ತಿಂಗಳು, ಎರಡು ಫರ್ಲಾಂಗು ದೂರದ ಅಂಗಡಿಗೆ ಎಲೆ-ಅಡಿಕೆ ತರಲು ದಿನಕ್ಕೆ ಮೂರು ಸಲ ಬೈಕು ಏರಿದಿರಿ. ತಾಯಿ ತನ್ನ ತಮ್ಮನನ್ನು ನೋಡಬೇಕು ಅಂದರೆ ‘ಸ್ವಲ್ಪ ತಡಿ’ ಎಂದಿರಿ. ಹೆಂಡತಿ ತವರಿಗೆ ಹೋಗಿ ಎಷ್ಟು ವರ್ಷವಾಯಿತು ಎಂದು ಈಗ ಕೇಳಿದರೆ ನೀವು ಅವಳ ಮುಖ ನೋಡುತ್ತೀರಿ, ಯಾಕೆಂದರೆ ನಿಮಗೆ ನೆನಪಿಲ್ಲ. ಅವಳಿಗೆ ನೆನಪಿದೆ. ತಿಂಗಳು ಸಹಿತ ನೆನಪಿದೆ. ನಾವು ಕಟುಕರೇ? ಅಲ್ಲ. ಸಾಹುಕಾರನೂ ಕಟುಕನಲ್ಲ. ಯಾರು ಗಟ್ಟಿಯಾಗಿ ಬೇಡವೆನ್ನುವುದಿಲ್ಲವೋ ಅವರದನ್ನು ಮೊದಲು ಕತ್ತರಿಸುವುದು ಸುಲಭ. ಅಷ್ಟೇ ವಿಷಯ.

ಸುಲಭವಾದದ್ದನ್ನು ಬಿಡಿ. ನಿಮ್ಮದನ್ನು ಮೊದಲು ಇಳಿಸಿ. ಯಾರಿಗೂ ಬೇಡದ, ಆದರೂ ನೀವು ಹೊತ್ತು ತಿರುಗುತ್ತಿರುವ ಸಾಮಾನು ಮನೆಯಲ್ಲಿ ಯಾವುದಿದೆ, ನೋಡಿ. ನಡೆದು ಹೋಗಬಹುದಾದಲ್ಲಿಗೆ ನಡೆಯಿರಿ. ಗಾಡಿಯನ್ನು ಸುಮ್ಮನೆ ಗುರುಗುಡಿಸುತ್ತ ನಿಂತು ಹರಟೆ ಹೊಡೆಯಬೇಡಿ. ಇವು ಸಣ್ಣ ಮಾತು, ಯಾರು ಬೇಕಾದರೂ ಹೇಳುತ್ತಾರೆ. ನಾನು ಹೇಳುವುದು ಇನ್ನೊಂದಿದೆ.

ಇವತ್ತು ಮನೆಗೆ ಹೋಗಿ. ಕೈಕಾಲು ತೊಳೆದುಕೊಳ್ಳಿ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರು ಯಾರಿದ್ದಾರೋ ಅವರ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ಟಿವಿ ಬಂದ್ ಮಾಡಿ. ‘ನಿನಗೆ ಎಲ್ಲಿಗಾದರೂ ಹೋಗಬೇಕಾಗಿತ್ತಾ? ಯಾರನ್ನಾದರೂ ನೋಡಬೇಕಾಗಿತ್ತಾ?’ ಎಂದು ಕೇಳಿ. ಅವರು ಮೊದಲು ‘ಏನಿಲ್ಲ’ ಅನ್ನುತ್ತಾರೆ. ಅದನ್ನು ನಂಬಿ ಎದ್ದು ಬರಬೇಡಿ. ವರ್ಷಗಟ್ಟಲೆ ಯಾರೂ ಕೇಳದಿದ್ದ ಪ್ರಶ್ನೆ ಅದು, ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಅಲ್ಲೇ ಕೂತಿರಿ.